ಆರು ಬಾಟಲಿ, ಹನ್ನೆರಡು ಮಂದಿ: ಫ್ರಾನ್ಸಿನ ಪ್ರಾಂತೀಯ ವೈನ್‌ಗಳ ರುಚಿಕೂಟ ನಡೆಸುವುದು ಹೇಗೆ?

ಪ್ರಶ್ನೆ: ನಾವು ಫ್ರಾನ್ಸಿನ ಟುಲೂಸ್‌ನಲ್ಲಿರುವ ಕನ್ನಡಿಗರು. ಕಚೇರಿಯ ಗೆಳೆಯರೂ ಸೇರಿ ಹನ್ನೆರಡು ಮಂದಿಗೆ ಮನೆಯಲ್ಲೇ ಇಲ್ಲಿನ ಬೇರೆ ಬೇರೆ ಪ್ರಾಂತ್ಯಗಳ ವೈನ್ ರುಚಿ ತೋರಿಸುವ ಸಂಜೆ ಇಟ್ಟುಕೊಂಡಿದ್ದೇವೆ. ನಡೆಸಿಕೊಡುವ ಹೊಣೆ ನನ್ನದು. ಹಿಂದೊಮ್ಮೆ ಇಂಥ ಕೂಟಕ್ಕೆ ಹೋಗಿದ್ದಾಗ ಹತ್ತು ವೈನ್ ಕೊಟ್ಟರು. ನಾಲ್ಕನೆಯದರ ಹೊತ್ತಿಗೆ ಎಲ್ಲವೂ ಒಂದೇ ಥರ ಅನ್ನಿಸತೊಡಗಿತು. ಎಷ್ಟು ಬಾಟಲಿ ಬೇಕು, ಯಾವ ವೈನ್, ಯಾವ ಕ್ರಮ, ನಾನು ಏನು ಮಾತಾಡಬೇಕು? ನಮ್ಮಲ್ಲಿ ನಾಲ್ವರು ಶುದ್ಧ ಸಸ್ಯಾಹಾರಿಗಳು.

ಉತ್ತರ: ಎಲ್ಲವೂ ಒಂದೇ ಥರ ಅನ್ನಿಸಿದ್ದು ನಿಮ್ಮ ನಾಲಿಗೆಯ ತಪ್ಪಲ್ಲ. ಹತ್ತು ವೈನ್‌ಗಳನ್ನು ಒಂದರ ಹಿಂದೊಂದು ಅದೇ ಗ್ಲಾಸಿಗೆ ಸುರಿದರೆ ಯಾರಿಗಾದರೂ ಹಾಗೇ ಆಗುತ್ತದೆ. ಮೂಗು ಯಾವುದೇ ವಾಸನೆಗೆ ಕೆಲವೇ ನಿಮಿಷದಲ್ಲಿ ಒಗ್ಗಿಬಿಡುತ್ತದೆ. ಕೆಂಪು ವೈನಿನಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಬಾಯಿಯ ನುಣುಪನ್ನು ತೆಗೆಯುವುದರಿಂದ ಗುಟುಕಿನಿಂದ ಗುಟುಕಿಗೆ ಒಗರು ಏರುತ್ತ ಹೋಗುತ್ತದೆ. ಉಗುಳದೆ ನುಂಗಿದ್ದರೆ ಅಷ್ಟರಲ್ಲಿ ಅಮಲೂ ತಲೆಗೇರಿರುತ್ತದೆ. ಇವೆಲ್ಲಕ್ಕಿಂತ ದೊಡ್ಡ ತೊಡಕು ಎಂದರೆ, ನಾಲ್ಕನೆಯ ವೈನ್ ಬಾಯಲ್ಲಿರುವಾಗ ಮೊದಲನೆಯದು ನೆನಪಿನಲ್ಲಿ ಉಳಿದಿರುವುದಿಲ್ಲ. ಪಕ್ಕದಲ್ಲಿ ಇನ್ನೊಂದು ಗ್ಲಾಸ್ ಇದ್ದರೆ ಮಾತ್ರ ಇದು ಅದಕ್ಕಿಂತ ಹುಳಿ, ಅದು ಇದಕ್ಕಿಂತ ಒಗರು ಎಂದು ಹೇಳಲು ಬರುವುದು.

ಆದ್ದರಿಂದ ಆರೇ ವೈನ್ ಇಡಿ, ಸಾಧ್ಯವಾದಷ್ಟು ಜೋಡಿಯಾಗಿ ಕೊಡಿ. ಬೋರ್ಡೋದಿಂದೊಂದು, ಆಲ್ಸಾಸ್‌ನಿಂದೊಂದು, ಷಾಂಪೇನ್‌ನಿಂದೊಂದು ಎಂದು ಭೂಪಟ ಮುಂದಿಟ್ಟುಕೊಂಡು ಆರಿಸುವ ಆಸೆ ಎಲ್ಲರಿಗೂ ಬರುತ್ತದೆ. ಆದರೆ ದ್ರಾಕ್ಷಿ ತಳಿ, ಹವೆ, ಮಣ್ಣು, ಪೀಪಾಯಿ ಎಲ್ಲವೂ ಒಟ್ಟಿಗೇ ಬದಲಾದರೆ, ಯಾವ ರುಚಿ ಯಾವುದರಿಂದ ಬಂತೆಂದು ಹೊಸಬರಿಗೆ ತಿಳಿಯುವುದೇ ಇಲ್ಲ. ಜೋಡಿಯೊಳಗೆ ಬದಲಾಗುವ ಸಂಗತಿಗಳು ಆದಷ್ಟು ಕಡಿಮೆ ಇರಲಿ.

ಮೊದಲ ಜೋಡಿ ಬಿಳಿ: ಶಾಬ್ಲಿ ಮತ್ತು ಪುಯಿ-ಫ್ವಿಸ್ಸೆ. ಎರಡೂ ಬರ್ಗಂಡಿಯವು, ಎರಡರಲ್ಲೂ ಶಾರ್ದೊನೆ ಬಿಟ್ಟರೆ ಬೇರೆ ದ್ರಾಕ್ಷಿ ಇಲ್ಲ. ಶಾಬ್ಲಿ ಪ್ರಾಂತ್ಯದ ಉತ್ತರ ತುದಿಯ ಚಳಿ ಸೀಮೆ. ಅಲ್ಲಿನ ಸಾಧಾರಣ ಶಾಬ್ಲಿ ಬಹುಪಾಲು ಸ್ಟೀಲ್ ತೊಟ್ಟಿಯಲ್ಲೇ ಮಾಗುತ್ತದೆ. ಪುಯಿ-ಫ್ವಿಸ್ಸೆ ಅಲ್ಲಿಂದ ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದಕ್ಷಿಣಕ್ಕೆ, ಮಾಕೋಂ ಪಟ್ಟಣದ ಹತ್ತಿರ; ದ್ರಾಕ್ಷಿ ಹೆಚ್ಚು ಹಣ್ಣಾಗುತ್ತದೆ, ಓಕ್ ಪೀಪಾಯಿಯ ಬಳಕೆಯೂ ಹೆಚ್ಚು. ಕೊಳ್ಳುವಾಗ ಎರಡು ಎಚ್ಚರ ಬೇಕು. ಶಾಬ್ಲಿಯ ಪ್ರೀಮಿಯೆ ಕ್ರು, ಗ್ರಾಂ ಕ್ರು ಎಂಬ ಮೇಲ್ದರ್ಜೆಯ ಬಾಟಲಿಗಳಲ್ಲಿ ಕೆಲವು ಓಕ್ ಕಂಡಿರುತ್ತವೆ. ಅವನ್ನು ತಂದರೆ ಹೋಲಿಕೆ ಮಸುಕಾಗುತ್ತದೆ, ದುಡ್ಡೂ ದಂಡ. ಹೆಸರಿನ ಮುಂದೆ ಬೇರೇನೂ ಇಲ್ಲದ ಬರೀ ಶಾಬ್ಲಿ ತನ್ನಿ. ಇನ್ನೊಂದು, ಪುಯಿ-ಫ್ಯುಮೆ ಎಂಬ ಹೆಸರು ಕಂಡರೆ ಕೈ ಹಿಂದೆಗೆಯಿರಿ. ಅದು ಲ್ವಾರ್ ನದಿ ದಂಡೆಯದು, ದ್ರಾಕ್ಷಿ ಸೋವಿನ್ಯೋಂ, ನಮ್ಮ ಜೋಡಿಗೆ ಸಂಬಂಧವಿಲ್ಲದ್ದು.

ಎರಡನೆಯ ಜೋಡಿ ಕೆಂಪು: ಕ್ರೋಜ್-ಎರ್ಮಿತಾಜ್ ಮತ್ತು ಜಿಗೊಂಡಾಸ್. ರೋನ್ ನದಿ ಕಣಿವೆ ಒಂದೇ, ತಳಿ ಬೇರೆ. ಉತ್ತರದ ಕ್ರೋಜ್‌ನಲ್ಲಿ ಸಿರಾ, ದಕ್ಷಿಣದ ಜಿಗೊಂಡಾಸ್‌ನಲ್ಲಿ ಮುಖ್ಯವಾಗಿ ಗ್ರೆನಾಶ್. ಐದನೆಯದು ಮಾದಿರಾಂ, ನಿಮ್ಮ ನೈಋತ್ಯ ಫ್ರಾನ್ಸಿನದೇ, ತನಾ ಎಂಬ ಒರಟು ತಳಿಯದು. ಇದಕ್ಕೆ ಜೋಡಿ ಬೇಡ. ಇದನ್ನೇ ಎರಡು ಸಲ, ಒಮ್ಮೆ ಬರೀ ವೈನ್, ಒಮ್ಮೆ ಚೀಸ್ ಜೊತೆ ಕೊಡಬೇಕು. ಆರನೆಯದು ಸಿಹಿ ಜುರಾಂಸೋಂ. ಇಲ್ಲೂ ಲೇಬಲ್ ಓದಿ: ಬರೀ ಜುರಾಂಸೋಂ ಎಂದಿದ್ದರೆ ಸಿಹಿ, ಜುರಾಂಸೋಂ ಸೆಕ್ ಎಂದಿದ್ದರೆ ಸಿಹಿಯಿಲ್ಲದ್ದು. ಅವಸರದಲ್ಲಿ ಸೆಕ್ ತಂದು, ಕೊನೆಯಲ್ಲಿ ಸಿಹಿ ನಿರೀಕ್ಷಿಸಿದವರ ಬಾಯಿಗೆ ಹುಳಿ ಸುರಿದ ಪ್ರಸಂಗಗಳು ಬೇಕಾದಷ್ಟಿವೆ.

ರೋನ್ ಬಾಟಲಿಗಳು ದುಬಾರಿ ಅನ್ನಿಸಿದರೆ ಊರಿನ ಪಕ್ಕದ್ದೇ ಜೋಡಿ ಮಾಡಬಹುದು: ಟುಲೂಸ್‌ನ ಉತ್ತರಕ್ಕಿರುವ ಫ್ರೊಂಟೋಂ, ಅದಕ್ಕೂ ಉತ್ತರದ ಕಾಓರ್. ಮೊದಲನೆಯದರ ಮುಖ್ಯ ತಳಿ ನೆಗ್ರೆಟ್; ಎರಡನೆಯದರಲ್ಲಿ ನಿಯಮದ ಪ್ರಕಾರ ಕನಿಷ್ಠ 70 ಶೇಕಡಾ ಮಾಲ್ಬೆಕ್. ಬೇಡವೇ ಬೇಡ ಎನ್ನುವುದು ಒಂದನ್ನು ಮಾತ್ರ: ಜೂರಾ ಪ್ರಾಂತ್ಯದ ವ್ಯಾಂ ಜೋನ್. ಆರು ವರ್ಷಕ್ಕೂ ಹೆಚ್ಚು ಕಾಲ ಪೀಪಾಯಿಯಲ್ಲಿ ಯೀಸ್ಟಿನ ಪೊರೆಯಡಿ, ಆವಿಯಾದಷ್ಟನ್ನು ಮತ್ತೆ ತುಂಬದೆ ಇಟ್ಟ ವೈನ್ ಅದು. 62 ಸೆಂಟಿಲೀಟರಿನ ಗಿಡ್ಡ ಬಾಟಲಿಯಲ್ಲಿ ಬರುತ್ತದೆ. ಅದ್ಭುತವಾದದ್ದೇ, ಆದರೆ ಮೊದಲ ಸಲ ಕುಡಿಯುವವರಲ್ಲಿ ಅರ್ಧ ಮಂದಿ ಕೆಟ್ಟಿದೆ ಎನ್ನುತ್ತಾರೆ, ಉಳಿದ ಸಂಜೆಯೆಲ್ಲ ಅದೇ ಚರ್ಚೆಯಾಗುತ್ತದೆ.

ಅಳತೆಗೆ ಬರೋಣ. ಬಾಟಲಿಯಲ್ಲಿ 750 ಮಿಲಿ. ತಲೆಗೆ 50 ಮಿಲಿಯಂತೆ ಹನ್ನೆರಡು ಮಂದಿಗೆ 600. ಉಳಿದ 150ರಲ್ಲಿ ಮೊದಲೇ ಪರೀಕ್ಷಿಸಿ ನೋಡಲು ನಿಮಗೊಂದಿಷ್ಟು, ಕೊನೆಯಲ್ಲಿ ಇನ್ನೊಂದು ಸಲ ಕೊಡಿ ಎನ್ನುವವರಿಗೆ ಒಂದಿಷ್ಟು. ಪ್ರತಿಯೊಂದೂ ಒಂದೊಂದೇ ಬಾಟಲಿ ಸಾಕು; ಬೇಕಾದ್ದು ಬದಲಿ ಬಾಟಲಿ. ಕಾರ್ಕ್ ಕೆಟ್ಟಿದ್ದರೆ ಆ ರಾತ್ರಿ ಅಂಗಡಿ ತೆರೆದಿರುವುದಿಲ್ಲ. ಶಾಬ್ಲಿ ಮತ್ತು ಕ್ರೋಜ್ ಇನ್ನೊಂದೊಂದು ಇಟ್ಟುಕೊಳ್ಳಿ. ಬಳಕೆಯಾಗದಿದ್ದರೆ ಮುಂದಿನ ಊಟಕ್ಕಾಯಿತು. ಬೀದಿಯ ವೈನ್ ಅಂಗಡಿಯಲ್ಲಿ ಆರಕ್ಕೂ ಸೇರಿ ಸುಮಾರು ನೂರರಿಂದ ನೂರೈವತ್ತು ಯೂರೊ ಹಿಡಿಯಿರಿ. ಸೂಪರ್‌ಮಾರ್ಕೆಟ್‌ಗಿಂತ ಅಂಗಡಿಯವರೇ ವಾಸಿ. ಪುಯಿ-ಫ್ವಿಸ್ಸೆ ಪೀಪಾಯಿ ಕಂಡಿದೆಯೇ ಎಂದು ಕೇಳಿದರೆ ಉತ್ತರ ಸಿಗುತ್ತದೆ.

ಕೈಯಳತೆ ಯಾವಾಗಲೂ ಧಾರಾಳ. 50 ಎಂದುಕೊಂಡು 80 ಸುರಿದರೆ ಹತ್ತನೆಯವರ ಬಳಿ ಹೋಗುವಷ್ಟರಲ್ಲಿ ಬಾಟಲಿ ಬರಿದು. ಹಿಂದಿನ ದಿನ 50 ಮಿಲಿ ನೀರನ್ನು ಅಳೆದು ಗ್ಲಾಸಿಗೆ ಹಾಕಿ, ಎಲ್ಲಿಗೆ ಬರುತ್ತದೆ ನೋಡಿಟ್ಟುಕೊಳ್ಳಿ. ಇಲ್ಲಿನ ಅಂಗಡಿಗಳಲ್ಲಿ ಇನಾವೊ ಗ್ಲಾಸ್ ಎಂದು ಸಿಗುವ ಮೊಗ್ಗಿನಾಕಾರದ ಗ್ಲಾಸ್ ರುಚಿ ನೋಡಲೆಂದೇ ಗೊತ್ತುಪಡಿಸಿದ್ದು. ಸುಮಾರು 215 ಮಿಲಿ ಹಿಡಿಯುತ್ತದೆ, 50 ಮಿಲಿ ಹಾಕಿ ತಿರುಗಿಸಿದರೆ ಚೆಲ್ಲುವುದಿಲ್ಲ. ತಲೆಗೆ ಎರಡರಂತೆ ಇಪ್ಪತ್ತನಾಲ್ಕು ಬೇಕು. ಬಾಡಿಗೆಗೆ ತಂದರೂ ಸರಿ, ಮೂಗಿಟ್ಟು ನೋಡಿ: ಕಪಾಟಿನಲ್ಲಿ ಬೋರಲಾಗಿಟ್ಟ ಗ್ಲಾಸಿನಲ್ಲಿ ಮರದ ಮುಗ್ಗು ವಾಸನೆ, ಸರಿಯಾಗಿ ಜಾಲಿಸದ್ದರಲ್ಲಿ ಸೋಪಿನ ವಾಸನೆ ಇದ್ದೇ ಇರುತ್ತದೆ. ಬರೀ ಬಿಸಿನೀರಲ್ಲಿ ತೊಳೆದು ಒರೆಸಿಡಿ. ಎ4 ಹಾಳೆಯ ಮೇಲೆ ಎರಡು ವೃತ್ತ ಬರೆದು ಎಡ, ಬಲ ಎಂದು ಗುರುತು ಹಾಕಿ ಪ್ರತಿಯೊಬ್ಬರ ಮುಂದೆ ಇಟ್ಟರೆ ಯಾವ ಗ್ಲಾಸಿನಲ್ಲಿ ಯಾವುದು ಎಂಬ ಗೊಂದಲ ಬರುವುದಿಲ್ಲ. ಎರಡೆರಡು ಮಂದಿಗೆ ಒಂದು ಪೀಕದಾನಿ. ಒಳಗೆ ಕಾಣದಂಥ ಎತ್ತರದ ಸ್ಟೀಲ್ ಲೋಟವಾದರೂ ಆದೀತು. ಉಗುಳುವುದು ಅಸಭ್ಯ ಎಂಬ ಸಂಕೋಚ ನಮ್ಮವರಲ್ಲಿ ಹೆಚ್ಚು. ನಡೆಸಿಕೊಡುವವರೇ ಮೊದಲು ಉಗುಳಿದರೆ ಉಳಿದವರಿಗೂ ಧೈರ್ಯ ಬರುತ್ತದೆ.

ಉಗುಳಿ ಎನ್ನುವುದಕ್ಕೆ ಲೆಕ್ಕವೂ ಇದೆ. ಆರು ಸಲ 50 ಎಂದರೆ 300 ಮಿಲಿ. ಸರಾಸರಿ 13.5 ಶೇಕಡಾ ಹಿಡಿದರೆ ಸುಮಾರು 32 ಗ್ರಾಂ ಶುದ್ಧ ಮದ್ಯಸಾರ, ಫ್ರಾನ್ಸಿನ ಲೆಕ್ಕದಲ್ಲಿ ಮೂರು ಗ್ಲಾಸಿಗೂ ತುಸು ಹೆಚ್ಚು. ವಾಹನ ಚಾಲನೆಗೆ ಇಲ್ಲಿನ ಮಿತಿ ಲೀಟರ್ ರಕ್ತಕ್ಕೆ 0.5 ಗ್ರಾಂ, ಹೊಸ ಲೈಸೆನ್ಸಿನವರಿಗೆ 0.2. ಎಲ್ಲವನ್ನೂ ನುಂಗಿದವರು ಮೆಟ್ರೋದಲ್ಲೇ ಮನೆಗೆ ಹೋಗಬೇಕು. ಇದನ್ನು ಆಹ್ವಾನದಲ್ಲೇ ಬರೆದುಬಿಡಿ.

ಇನ್ನು ತಾಪಮಾನ. ಮನೆಯ ಕೂಟಗಳು ಹೆಚ್ಚಾಗಿ ಕೆಡುವುದು ಇಲ್ಲೇ: ಬಿಳಿಯದನ್ನು ಫ್ರಿಜ್ಜಿನಿಂದ ನೇರವಾಗಿ ಕೊಡುತ್ತಾರೆ, ಕೆಂಪನ್ನು ಕೋಣೆಯ ಬಿಸಿಯಲ್ಲೇ. ಫ್ರಿಜ್ಜಿನ 5 ಡಿಗ್ರಿಯಲ್ಲಿ ವೈನಿನ ಪರಿಮಳ ಏಳುವುದೇ ಇಲ್ಲ. ಶಾಬ್ಲಿಗೂ ಪುಯಿ-ಫ್ವಿಸ್ಸೆಗೂ ವ್ಯತ್ಯಾಸ ಸಿಗದೆ ಎರಡೂ ಬರೀ ತಣ್ಣಗಿನ ಹುಳಿನೀರು. ಟುಲೂಸ್‌ನ ಬೇಸಿಗೆಯ 26 ಡಿಗ್ರಿ ಕೋಣೆಯಲ್ಲಿ ಜಿಗೊಂಡಾಸ್ ಇಟ್ಟರೆ ಮೂಗಿಗೆ ಬರುವುದು ಮದ್ಯಸಾರದ ಘಾಟು ಮಾತ್ರ. ಶಾಬ್ಲಿಗೆ 10-11, ಪುಯಿ-ಫ್ವಿಸ್ಸೆಗೆ 12-13, ಕ್ರೋಜ್‌ಗೆ 15, ಜಿಗೊಂಡಾಸ್ ಮತ್ತು ಮಾದಿರಾಂಗೆ 16-17, ಜುರಾಂಸೋಂಗೆ 9-10 ಡಿಗ್ರಿ ಇಟ್ಟುಕೊಳ್ಳಿ. ಅಡುಗೆಮನೆಯ ಡಿಜಿಟಲ್ ಥರ್ಮಾಮೀಟರನ್ನು ಬಾಟಲಿಯ ಬಾಯಿಂದ ಇಳಿಬಿಟ್ಟರೆ ಗೊತ್ತಾಗುತ್ತದೆ. ಸ್ಥೂಲವಾಗಿ, ಶಾಬ್ಲಿಯನ್ನು ಇಪ್ಪತ್ತು ನಿಮಿಷ ಮೊದಲು, ಪುಯಿ-ಫ್ವಿಸ್ಸೆಯನ್ನು ಅರ್ಧ ಗಂಟೆ ಮೊದಲು ಫ್ರಿಜ್ಜಿನಿಂದ ತೆಗೆಯಿರಿ. ಕೆಂಪು ಬಾಟಲಿಗಳನ್ನು ಅದಕ್ಕೆ ತಿರುಗುಮುರುಗಾಗಿ ಅರ್ಧ ಗಂಟೆ ಫ್ರಿಜ್ಜಿನೊಳಗೆ ಇಡಿ. ಒಂದೆರಡು ಡಿಗ್ರಿ ತಣ್ಣಗಿನ ಕಡೆಗೇ ತಪ್ಪಲಿ, ಗ್ಲಾಸಿನಲ್ಲಿ ವೈನ್ ತಾನಾಗಿ ಬಿಸಿಯಾಗುತ್ತದೆ. ಅವಸರವಿದ್ದರೆ ಬಕೆಟ್ಟಿನಲ್ಲಿ ಅರ್ಧ ಐಸ್, ಅರ್ಧ ನೀರು. ಬರೀ ಐಸ್ ಹಾಕಿದರೆ ತುಂಡುಗಳ ನಡುವೆ ಗಾಳಿ ನಿಂತು ತಣಿಯುವುದು ನಿಧಾನ.

ಅತಿಥಿಗಳು ಬರುವ ಒಂದೂವರೆ-ಎರಡು ಗಂಟೆ ಮೊದಲೇ ಆರನ್ನೂ ತೆರೆದು ಒಂದೊಂದು ಚಮಚೆಯಷ್ಟು ಮೂಸಿ, ಬಾಯಿಗೆ ಹಾಕಿ ನೋಡಿ. ಒದ್ದೆ ರಟ್ಟು, ನೆಲಮಾಳಿಗೆಯ ಬೂಷ್ಟಿನ ವಾಸನೆ ಬಂದು ಹಣ್ಣಿನ ಪರಿಮಳವೇ ಸತ್ತಂತಿದ್ದರೆ ಅದು ಟಿಸಿಎ ಎಂಬ ರಾಸಾಯನಿಕದ ಕೆಲಸ. ಬಹುತೇಕ ಕಾರ್ಕಿನಿಂದ ಬರುತ್ತದೆ. ಗಾಳಿಯಾಡಿಸಿದರೆ ಹೋಗುವುದಿಲ್ಲ, ಹೊತ್ತು ಕಳೆದಷ್ಟೂ ಹೆಚ್ಚು ತಿಳಿಯುತ್ತದೆ. ಬದಲಿ ಬಾಟಲಿ ತೆಗೆಯಿರಿ, ಕೆಟ್ಟದ್ದಕ್ಕೆ ಮತ್ತೆ ಕಾರ್ಕ್ ಹಾಕಿ ಅಂಗಡಿಗೆ ಒಯ್ಯಿರಿ. ಒಳ್ಳೆಯ ಅಂಗಡಿಯವರು ಸಾಮಾನ್ಯವಾಗಿ ಬದಲಿಸಿಕೊಡುತ್ತಾರೆ. ಗೀರಿದ ಬೆಂಕಿಕಡ್ಡಿ ಅಥವಾ ಬೇಯಿಸಿದ ಮೊಟ್ಟೆಯ ವಾಸನೆ ಬೇರೆ ಸಂಗತಿ. ಅದು ಗಾಳಿ ಕಾಣದೆ ಉಳಿದ ಗಂಧಕದ ಅಂಶ, ಜಗ್ಗಿಗೆ ಸುರಿದು ಹತ್ತು ನಿಮಿಷ ಬಿಟ್ಟರೆ ಎಷ್ಟೋ ಸಲ ಹೊರಟುಹೋಗುತ್ತದೆ. ಉಗುರುಬಣ್ಣ ತೆಗೆಯುವ ದ್ರಾವಣದ ಘಾಟು ಜೋರಾಗಿದ್ದರೆ ಮಾತ್ರ ಮಾಡುವುದೇನೂ ಇಲ್ಲ.

ಮಾದಿರಾಂ ಎಳೆಯದಾಗಿದ್ದರೆ ಎರಡು ಗಂಟೆ ಮೊದಲು ಅಗಲ ಬಾಯಿಯ ಗಾಜಿನ ಜಗ್ಗಿಗೆ ಸುರಿದಿಡಿ. ಕಾರ್ಕ್ ತೆಗೆದು ಬಾಟಲಿಯಲ್ಲೇ ಉಸಿರಾಡಲು ಬಿಡುವುದೆಂಬುದು ಬರೀ ಶಾಸ್ತ್ರ. ಬಾಟಲಿಯ ಕುತ್ತಿಗೆಯಲ್ಲಿ ಗಾಳಿ ತಾಗುವ ಜಾಗ ರೂಪಾಯಿ ನಾಣ್ಯದಷ್ಟು.

ಕೋಣೆಯ ವಾಸನೆಯನ್ನೂ ಗಮನಿಸಿ. ಊದುಬತ್ತಿ, ಸೆಂಟು, ಮುಡಿದ ಮಲ್ಲಿಗೆ ಮೂರೂ ಅಂದಿಗೆ ಬೇಡ. ಇಂಗಿನ ಒಗ್ಗರಣೆ ಹಾಕುವ ಅಡುಗೆ ಬೆಳಿಗ್ಗೆಯೇ ಮುಗಿದು ಕಿಟಕಿ ತೆರೆದಿರಲಿ. ಮೇಜಿನ ಮೇಲೆ ಚಕ್ಕುಲಿ, ಖಾರದ ಅವಲಕ್ಕಿ ಇಟ್ಟರೆ ಕೂಟ ಅಲ್ಲಿಗೇ ಮುಗಿಯಿತು: ಮೆಣಸಿನಕಾಯಿಯ ಖಾರದ ಮೇಲೆ ಮದ್ಯಸಾರ ಉರಿ ಹೆಚ್ಚಿಸುತ್ತದೆ, ಒಗರು ಕಹಿಯಾಗಿ ತೋರುತ್ತದೆ. ಬಾಯಿ ಸ್ವಚ್ಛ ಮಾಡಿಕೊಳ್ಳಲು ಬರೀ ಬ್ಯಾಗೆಟ್ ಬ್ರೆಡ್ಡು ಮತ್ತು ತಲೆಗೆ ಅರ್ಧ ಲೀಟರ್ ನೀರು ಸಾಕು. ಹಾಗೆಂದು ಹಸಿದ ಹೊಟ್ಟೆಯಲ್ಲೂ ಕೂರಿಸಬೇಡಿ. ಒಂದು ಗಂಟೆ ಮೊದಲು ಸಪ್ಪೆ ತಿಂಡಿ ಏನಾದರೂ ಆಗಿರಲಿ.

ಏನು ಮಾತಾಡಬೇಕು ಎಂದು ಕೇಳಿದ್ದೀರಿ. ಮೊದಲ ಎರಡು ನಿಮಿಷ ಏನೂ ಆಡಬೇಡಿ. ಇದರಲ್ಲಿ ನೆಲ್ಲಿಕಾಯಿ ವಾಸನೆ ಇದೆ ನೋಡಿ ಎಂದು ನೀವು ಅಂದ ಕೂಡಲೇ ಹನ್ನೆರಡು ಮೂಗಿಗೂ ನೆಲ್ಲಿಕಾಯಿಯೇ ಸಿಗುತ್ತದೆ. ಹೊಸಬರಷ್ಟೇ ಅಲ್ಲ, ಪಳಗಿದವರೂ ಹೀಗೆ ಮೋಸಹೋಗುತ್ತಾರೆ. ಜಿಲ್ ಮೊರೊ, ಫ್ರೆಡೆರಿಕ್ ಬ್ರೊಶೆ, ದೆನಿ ದ್ಯುಬುರ್ದಿಯೊ 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬೋರ್ಡೋದ ವೈನ್ ಶಾಸ್ತ್ರದ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಅವರು ಅದನ್ನು ಕೆಂಪು ವೈನಿಗೆ ಬಳಸುವ ಮಾತುಗಳಲ್ಲೇ ಬಣ್ಣಿಸಿದರು. ಕಣ್ಣೇ ಇಷ್ಟು ದಾರಿ ತಪ್ಪಿಸುವುದಾದರೆ, ನಡೆಸಿಕೊಡುವವರ ಮಾತು ಇನ್ನೆಷ್ಟು ತಪ್ಪಿಸೀತು! ಸುರಿಯಿರಿ, ಬಣ್ಣ ನೋಡಲಿ, ಅಲುಗಿಸದೆ ಒಮ್ಮೆ ಮೂಸಲಿ, ತಿರುಗಿಸಿ ಇನ್ನೊಮ್ಮೆ ಮೂಸಲಿ, ಸಣ್ಣ ಗುಟುಕನ್ನು ಐದಾರು ಸೆಕೆಂಡು ಬಾಯೆಲ್ಲ ಆಡಿಸಿ ಉಗುಳಲಿ. ಆಮೇಲೆ ಹುಳಿ, ಒಗರು, ಬಾಯಲ್ಲಿ ರುಚಿ ನಿಲ್ಲುವ ಹೊತ್ತು, ಈ ಮೂರಕ್ಕೆ ಒಂದರಿಂದ ಐದರವರೆಗೆ ಅಂಕ ಬರೆಯಲಿ. ಬರೆದು ಮುಗಿದ ಮೇಲೆ ಮಾತು. ಅತಿ ಕಡಿಮೆ ಮಾತಾಡುವವರಿಂದ ಶುರುಮಾಡಿಸಿ. ಎಲ್ಲ ಬಲ್ಲವರಂತೆ ಮಾತಾಡುವ ಒಬ್ಬರು ಪ್ರತಿ ಕೂಟದಲ್ಲೂ ಇರುತ್ತಾರೆ, ಅವರ ಸರದಿ ಕೊನೆಗಿರಲಿ. ಯಾರಾದರೂ ನೇರಳೆಹಣ್ಣು, ಹುಣಸೆ, ಎಳೆ ಅಡಿಕೆ ಎಂದರೆ ಹಾಗೇ ಬರೆದುಕೊಳ್ಳಿ. ಕ್ಯಾಸಿಸ್ ಹಣ್ಣನ್ನು ಕಂಡೇ ಇರದವರ ಬಾಯಲ್ಲಿ ಕ್ಯಾಸಿಸ್ ಎನ್ನಿಸಿ ಫಲವಿಲ್ಲ.

ಮೊದಲ ಜೋಡಿಯಲ್ಲಿ ಶಾಬ್ಲಿಗೆ ಹುಳಿಯ ಅಂಕ ಹೆಚ್ಚು ಬರಬೇಕು. ಪುಯಿ-ಫ್ವಿಸ್ಸೆಯಲ್ಲಿ ಸುಟ್ಟ ಬ್ರೆಡ್ಡು, ವೆನಿಲ್ಲಾ ಸಿಕ್ಕರೆ ಅದು ಪೀಪಾಯಿಯದು. ಶಾಬ್ಲಿಯ ನೆಲದಲ್ಲಿ ಸುಮಾರು 15 ಕೋಟಿ ವರ್ಷ ಹಳೆಯ ಸುಣ್ಣಗಲ್ಲು, ಅದರಲ್ಲಿ ಪುಟ್ಟ ಸಿಂಪಿಗಳ ಪಳೆಯುಳಿಕೆ ಇರುವುದು ನಿಜ, ಹೇಳಿ. ಆ ಕಲ್ಲಿನ ರುಚಿಯೇ ಗ್ಲಾಸಿಗೆ ಬಂದಿದೆ ಎಂದು ಮಾತ್ರ ಹೇಳಬೇಡಿ. ಬೇರು ಕಲ್ಲಿನ ರುಚಿಯನ್ನು ಹೀರಿ ಹಣ್ಣಿಗೆ ಕಳಿಸುವುದಿಲ್ಲ.

ರೋನ್ ಜೋಡಿಯಲ್ಲಿ ಒಂದು ಒಗಟು ಇಡಬಹುದು: ಯಾವುದರಲ್ಲಿ ಮದ್ಯಸಾರ ಹೆಚ್ಚು? ಕ್ರೋಜ್ ಕಡುನೇರಳೆ ಬಣ್ಣದ್ದು, ಜಿಗೊಂಡಾಸ್ ಸಾಮಾನ್ಯವಾಗಿ ತುಸು ತಿಳಿ. ಬಣ್ಣ ನೋಡಿ ಬಹಳಷ್ಟು ಮಂದಿ ಕ್ರೋಜ್ ಎನ್ನುತ್ತಾರೆ. ಗಂಟಲಲ್ಲಿ ಹತ್ತುವ ಬಿಸಿಯನ್ನು ಗಮನಿಸಿ ಎಂದು ಹೇಳಿ, ಆಮೇಲೆ ಲೇಬಲ್ ತೋರಿಸಿ. ಜಿಗೊಂಡಾಸ್‌ನಲ್ಲಿ 14 ದಾಟಿರುವುದೇ ಹೆಚ್ಚು. ಸಿರಾದಲ್ಲಿ ಕಾಳುಮೆಣಸಿನ ವಾಸನೆಯನ್ನು ಪುಸ್ತಕಗಳೆಲ್ಲ ಹೇಳುತ್ತವೆ. ಅದನ್ನು ತರುವುದು ರೊಟುಂಡೋನ್ ಎಂಬ ಅಂಶ, ಕಾಳುಮೆಣಸಿನಲ್ಲೂ ಇರುವಂಥದ್ದೇ. ಐವರಲ್ಲಿ ಒಬ್ಬರ ಮೂಗಿಗೆ ಅದು ಹುಟ್ಟಾ ಸಿಗುವುದಿಲ್ಲ. ನಿಮ್ಮ ಹನ್ನೆರಡರಲ್ಲಿ ಇಬ್ಬರು ಮೂವರು ಹಾಗಿರಬಹುದು, ಒತ್ತಾಯಿಸಬೇಡಿ. ಇನ್ನು ಸಿರಾ ಪರ್ಷಿಯಾದ ಶಿರಾಜ್ ಊರಿಂದ ಬಂತೆಂಬ ಕಥೆಯನ್ನು ಯಾರಾದರೂ ಎತ್ತೇ ಎತ್ತುತ್ತಾರೆ. 1990ರ ದಶಕದ ಕೊನೆಯ ಡಿಎನ್‌ಎ ಪರೀಕ್ಷೆಗಳು ಅದರ ತಂದೆತಾಯಿ ದ್ಯುರೆಜಾ ಮತ್ತು ಬಿಳಿ ಮೊಂದ್ಯೂಜ್ ಎಂದು ತೋರಿಸಿವೆ, ಎರಡೂ ಆಗ್ನೇಯ ಫ್ರಾನ್ಸಿನ ತಳಿಗಳು.

ಮಾದಿರಾಂ ಬಂದಾಗ ಕೋಣೆಯಲ್ಲಿ ಮುಖಗಳು ಕಿವುಚಿಕೊಳ್ಳುತ್ತವೆ. ತನಾದ ಒಗರು ಅಂಥದ್ದು. 1990ರ ದಶಕದ ಆರಂಭದಲ್ಲಿ ಅಲ್ಲಿನ ವೈನ್ ತಯಾರಕ ಪಾಟ್ರಿಕ್ ದ್ಯುಕುರ್ನೊ ತೊಟ್ಟಿಯ ವೈನಿಗೆ ಆಮ್ಲಜನಕದ ಸಣ್ಣ ಗುಳ್ಳೆಗಳನ್ನು ಹಾಯಿಸುವ ವಿಧಾನ ಕಂಡುಹಿಡಿದದ್ದೇ ಅದನ್ನು ಪಳಗಿಸಲು. ಅರ್ಧ ಮಾತ್ರ ರುಚಿ ನೋಡಿ ಅಂಕ ಬರೆಯಲಿ. ಈಗ ಕುರಿಹಾಲಿನ ಓಸೋ-ಇರಾತಿ ಚೀಸ್ ಒಂದು ತುಂಡು ಅಗಿದು, ಬಾಯಲ್ಲಿರುವಾಗಲೇ ಉಳಿದರ್ಧ. ಟ್ಯಾನಿನ್ ಜೊಲ್ಲನ್ನು ಬಿಟ್ಟು ಚೀಸಿನ ಪ್ರೋಟೀನಿಗೆ ಅಂಟುತ್ತದೆ, ಕೊಬ್ಬು ಬಾಯಿಗೆ ಸವರಿಕೊಳ್ಳುತ್ತದೆ. ಐದರಲ್ಲಿದ್ದ ಒಗರು ಮೂರಕ್ಕೆ ಇಳಿಯುತ್ತದೆ. ಇಡೀ ಸಂಜೆಯಲ್ಲಿ ಜನ ಬಹುಕಾಲ ನೆನಪಿಡುವುದು ಇದನ್ನೇ.

ಸಸ್ಯಾಹಾರಿಗಳಿಗೆ ಇಲ್ಲೊಂದು ಸೂಕ್ಷ್ಮವಿದೆ. ಓಸೋ-ಇರಾತಿಗೂ, ಸಿಹಿ ಜುರಾಂಸೋಂ ಜೊತೆ ಎಲ್ಲರೂ ಇಡುವ ರೋಕ್‌ಫೋರ್ ಚೀಸಿಗೂ ಹಾಲು ಒಡೆಸಲು ಬಳಸುವುದು ಕರು-ಕುರಿಮರಿಗಳ ಜಠರದಿಂದ ತೆಗೆದ ರೆನೆಟ್. ನಿಮ್ಮ ನಾಲ್ವರಿಗೆ ನಿಂಬೆರಸದಲ್ಲಿ ಒಡೆಸಿದ ಪನೀರನ್ನು ಉಪ್ಪು ಹಾಕಿ ಬೆಣ್ಣೆಯಲ್ಲಿ ಹುರಿದುಕೊಡಿ, ಮಾದಿರಾಂ ಪ್ರಯೋಗ ಅದರಲ್ಲೂ ಚೆನ್ನಾಗಿಯೇ ನಡೆಯುತ್ತದೆ. ಜುರಾಂಸೋಂ ಜೊತೆ ಉಪ್ಪು ಬಾದಾಮಿ. ವೈನನ್ನು ತಿಳಿಗೊಳಿಸಲು ಮೊಟ್ಟೆಯ ಬಿಳಿ, ಹಾಲಿನ ಕೇಸಿನ್, ಜೆಲಟಿನ್, ಮೀನಿನ ಗಾಳಿಚೀಲ ಬಳಸುವ ರೂಢಿಯೂ ಇದೆ. ಮೊಟ್ಟೆ, ಹಾಲಿನ ಅಂಶ ಉಳಿದಿದ್ದರೆ ಲೇಬಲ್ಲಿನಲ್ಲಿ ಬರೆಯಬೇಕೆಂಬ ನಿಯಮವಿದೆ, ಮೀನಿನದಕ್ಕೆ ಇಲ್ಲ. ಇದು ಮುಖ್ಯವಾದರೆ ವೀಗನ್ ಗುರುತಿರುವ ಬಾಟಲಿಗಳನ್ನೇ ಕೇಳಿ. ಕುಡಿಯದವರು ಯಾರಾದರೂ ಇದ್ದರೆ ಅವರಿಗೂ ಗ್ಲಾಸ್ ಹಾಕಿ, ಮೂಸಿ ಹೇಳಲಿ. ಎಷ್ಟೋ ಸಲ ಅವರ ಮೂಗೇ ಚುರುಕು.

ಜುರಾಂಸೋಂ ಕೊಡುವ ಮೊದಲು ಐದು ನಿಮಿಷ ಬಿಡುವು ಕೊಟ್ಟು ನೀರು ಕುಡಿಸಿ. ಪೆಟಿ ಮಾನ್ಸಾಂಗ್ ದ್ರಾಕ್ಷಿಯನ್ನು ನವೆಂಬರಿನವರೆಗೂ ಬಳ್ಳಿಯಲ್ಲೇ ಬಿಟ್ಟು, ಪಿರೆನೀಸ್ ಪರ್ವತಗಳ ಕಡೆಯ ಬಿಸಿಗಾಳಿಗೆ ಸುಕ್ಕಾಗಿಸಿ ಕೊಯ್ಯುತ್ತಾರೆ. ಸಕ್ಕರೆ ಅಷ್ಟಿದ್ದರೂ ಜಿಡ್ಡೆನಿಸದಿರುವುದು ಆ ತಳಿಯ ಹುಳಿಯಿಂದ. 1553ರಲ್ಲಿ ಪೋ ಊರಿನಲ್ಲಿ ಹುಟ್ಟಿದ ಫ್ರಾನ್ಸಿನ ದೊರೆ ನಾಲ್ಕನೆಯ ಹೆನ್ರಿಯ ತುಟಿಗೆ ಈ ವೈನನ್ನೂ ಬೆಳ್ಳುಳ್ಳಿಯನ್ನೂ ಸವರಿದರೆಂಬ ಐತಿಹ್ಯವನ್ನು ಐತಿಹ್ಯವೆಂದೇ ಹೇಳಬಹುದು.

ಬಿಳಿಗೆ ಅರ್ಧ ಗಂಟೆ, ರೋನ್‌ಗೆ ಅರ್ಧ ಗಂಟೆ, ಮಾದಿರಾಂಗೆ ಇಪ್ಪತ್ತು ನಿಮಿಷ, ಸಿಹಿಗೆ ಹದಿನೈದು, ನಡುವೆ ಗ್ಲಾಸ್ ಜಾಲಿಸಲು ಹೊತ್ತು. ಎರಡು ಗಂಟೆಯೊಳಗೆ ಮುಗಿಸಿ ಊಟಕ್ಕೆ ಏಳಿಸಿ. ಗ್ಲಾಸನ್ನು ನೀರಿನಲ್ಲಿ ಜಾಲಿಸಿದ ಮೇಲೆ ಮುಂದಿನ ವೈನಿನ ನಾಲ್ಕು ಹನಿ ಹಾಕಿ ತಿರುಗಿಸಿ ಚೆಲ್ಲಿದರೆ ನೀರಿನ ಕ್ಲೋರಿನ್ ವಾಸನೆ ಹೋಗುತ್ತದೆ. ಉಳಿದ ವೈನಿಗೆ ಕಾರ್ಕ್ ಹಾಕಿ ಕೆಂಪು, ಬಿಳಿ ಎನ್ನದೆ ಎಲ್ಲವನ್ನೂ ಫ್ರಿಜ್ಜಿನಲ್ಲಿಡಿ. ತಳದಲ್ಲಿ ನಾಲ್ಕು ಬೆರಳಷ್ಟು ಉಳಿದದ್ದಾದರೆ ಮರುದಿನವೇ ಮುಗಿಸಿ. ಅರ್ಧ ಬಾಟಲಿಯಿದ್ದರೆ ಎರಡು ಮೂರು ದಿನ, ಜುರಾಂಸೋಂ ವಾರದವರೆಗೂ ತಡೆಯುತ್ತದೆ.